ಉಬುಂಟು ಎಂದರೇನು? ಹಾಕಿಸಿದರೆ ನನ್ನ ನುಡಿ ಕಡತಗಳು ಉಳಿಯುತ್ತವೆಯೇ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಾಗರದ ಹತ್ತಿರದವನು. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್, ವಿಂಡೋಸ್ 10. ಇನ್ನು ಇದಕ್ಕೆ ಅಪ್‌ಡೇಟ್ ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ, ಇಲ್ಲವಾದರೆ ಉಬುಂಟು ಹಾಕಿಕೊಡುತ್ತೇನೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಈ ಉಬುಂಟು ಯಾರದು? ಪುಕ್ಕಟೆ ಯಾಕೆ ಕೊಡುತ್ತಾರೆ? ಇಪ್ಪತ್ತು ವರ್ಷದಿಂದ ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದಲ್ಲಿ ಬರೆದಿಟ್ಟ ಯಕ್ಷಗಾನದ ಲೇಖನಗಳಿವೆ, ಅವು ತೆರೆಯುತ್ತವೆಯೇ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕಿದ್ದನ್ನು ನೀವು ಸಮಾಧಾನದಿಂದ ಓದಲಾರಿರಿ. ಲೇಖನಗಳು ಉಳಿಯುತ್ತವೆ. ಆದರೆ ಒಂದು ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿಕೊಳ್ಳಬೇಕು. ಅದೇನೆಂದು ಮುಂದೆ ಬರೆದಿದ್ದೇನೆ. ಅಲ್ಲಿಯವರೆಗೆ ಅಂಗಡಿಗೆ ಲ್ಯಾಪ್‌ಟಾಪ್ ಕೊಡಬೇಡಿ.

ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತೆಯ ತೇಪೆಗಳು ಸಿಗುತ್ತವೆ, ಅಷ್ಟೇ. ಹಾಗೆಂದು ಲ್ಯಾಪ್‌ಟಾಪ್ ಮಾರನೆಯ ಬೆಳಿಗ್ಗೆ ಕಣ್ಣು ಮುಚ್ಚುವುದಿಲ್ಲ. ಹೊಸದಾಗಿ ಪತ್ತೆಯಾದ ತೂತುಗಳನ್ನು ಮುಚ್ಚುವವರು ಇರುವುದಿಲ್ಲ. ಬ್ಯಾಂಕಿನ ಕೆಲಸ ಅದರಲ್ಲೇ ಮಾಡುವವರಿಗೆ ಇದು ಸಣ್ಣ ಮಾತಲ್ಲ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಚಿಪ್ ಕೇಳುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ 8ನೇ ತಲೆಮಾರು ಬೇಕೆನ್ನುತ್ತದೆ. ನಿಮ್ಮ 2016ರ ಯಂತ್ರ ಆ ಗೆರೆಯ ಈಚೆಗೇ ಉಳಿದುಬಿಟ್ಟಿದೆ. ಯಂತ್ರ ಚೆನ್ನಾಗಿಯೇ ಇದೆ, ಗೆರೆ ಎಳೆದವರು ಬೇರೆ.

ಈಗ ಉಬುಂಟು ಮಾತು. ಅದು ವಿಂಡೋಸ್‌ನ ಹಾಗೆಯೇ ಗಣಕವನ್ನು ನಡೆಸುವ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ. ಯಾರದು ಎಂದಿರಿ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಒಂದು ಪೂರ್ತಿ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟುತ್ತೇನೆಂದು ಘೋಷಿಸಿದರು. ಅದರ ಹೆಸರು ಗ್ನೂ. ಎಂಟು ವರ್ಷದಲ್ಲಿ ಸಲಕರಣೆಗಳೆಲ್ಲ ತಯಾರಾದವು, ನಡುವಿನ ಕರ್ನಲ್ ಮಾತ್ರ ಆಗಲಿಲ್ಲ. ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಯಾವ ಪ್ರೋಗ್ರಾಮಿಗೆ ಎಷ್ಟೆಷ್ಟು ಎಂದು ಹಂಚಿಕೊಡುವ ಭಾಗವದು. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ‘ಹವ್ಯಾಸಕ್ಕೆಂದು ಒಂದು ವ್ಯವಸ್ಥೆ ಬರೆಯುತ್ತಿದ್ದೇನೆ, ಗ್ನೂವಿನಷ್ಟು ದೊಡ್ಡದೇನೂ ಆಗಲಾರದು’ ಎಂಬ ಅರ್ಥದ ಒಂದು ಸಂದೇಶ ಹಾಕಿದ. ಆ ಹವ್ಯಾಸವೇ ಲಿನಕ್ಸ್. ಗ್ನೂವಿನ ಸಲಕರಣೆಗಳ ನಡುವೆ ಅದು ಬಂದು ಕೂತಿತು, ಬಂಡಿ ಓಡಿತು.

ಬಂಡಿ ಓಡಿತೇನೋ ಸರಿ, ಅದನ್ನು ಜೋಡಿಸಿಕೊಳ್ಳುವುದು ಮಾತ್ರ ಸಾಮಾನ್ಯರ ಕೈಯಲ್ಲಿ ಆಗುವಂಥದ್ದಾಗಿರಲಿಲ್ಲ. ಅದಕ್ಕಾಗಿ ಜೋಡಿಸಿ ಕೊಡುವವರು ಹುಟ್ಟಿಕೊಂಡರು. ಹೀಗೆ ಜೋಡಿಸಿಟ್ಟ ಗಂಟಿಗೆ ಡಿಸ್ಟ್ರಿಬ್ಯೂಷನ್ ಅಥವಾ ಡಿಸ್ಟ್ರೊ ಎನ್ನುತ್ತಾರೆ. ಅವುಗಳಲ್ಲಿ 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್ ಹಿರಿದು. ಕಂಪನಿಯಿಲ್ಲ, ಯಜಮಾನನಿಲ್ಲ. ಜಗತ್ತಿನಾದ್ಯಂತ ಸ್ವಯಂಸೇವಕರು ಸೇರಿ ನಡೆಸುವ ಸಂಸ್ಥೆ, ತೀರ್ಮಾನಗಳು ಚರ್ಚೆಯಿಂದ, ಬೇಕಾದರೆ ಮತದಾನದಿಂದ. ಇಂದಿಗೂ ಹಾಗೆಯೇ ಇದೆ, ಇಂದಿಗೂ ನನಗೆ ಅದರ ಮೇಲೆ ಗೌರವ.

ಡೆಬಿಯನ್ನನ್ನು ಒಂದು ದೊಡ್ಡ ದಿನಸಿ ಮಂಡಿ ಎಂದುಕೊಳ್ಳಿ. ಅಲ್ಲಿ ಸಿಗದ ಸಾಮಾನಿಲ್ಲ, ಎಲ್ಲ ಶುದ್ಧ, ಎಲ್ಲ ತೂಕಕ್ಕೆ ಸರಿ. ಆದರೆ ಹಸಿದು ಬಂದವನಿಗೆ ಅಕ್ಕಿ ಮೂಟೆ ತೋರಿಸಿದರೆ ಆತ ಏನು ಮಾಡಬೇಕು? ಪತ್ರ ಬರೆಯಲು ನಾಲ್ಕು ತಂತ್ರಾಂಶ, ಅಂತರಜಾಲ ನೋಡಲು ಆರು, ಪರದೆಯ ಚಹರೆಗೇ ಹತ್ತು ಬಗೆ. ಆರಿಸಿಕೊಳ್ಳುವ ಸ್ವಾತಂತ್ರ್ಯ ಗೊತ್ತಿದ್ದವನಿಗೆ ಸುಖ, ಗೊತ್ತಿಲ್ಲದವನಿಗೆ ಶಿಕ್ಷೆ. ಜೊತೆಗೆ ಹೊಸ ಆವೃತ್ತಿ ಯಾವಾಗ ಎಂದು ಕೇಳಿದರೆ ‘ಸಿದ್ಧವಾದಾಗ’ ಎಂಬುದೇ ಉತ್ತರ. 2002ರ ಜುಲೈಯಲ್ಲಿ ಒಂದು ಆವೃತ್ತಿ ಬಂತು, ಮುಂದಿನದು 2005ರ ಜೂನ್‌ನಲ್ಲಿ. ಮೂರು ವರ್ಷದಲ್ಲಿ ಹೊಸ ಪ್ರಿಂಟರು, ಹೊಸ ವೈಫೈ ಕಾರ್ಡು ಎಷ್ಟು ಬಂದುಹೋಗುತ್ತವೆ ಯೋಚಿಸಿ.

ಆ ಮೂರು ವರ್ಷದ ನಡುವೆಯೇ ಉಬುಂಟು ಹುಟ್ಟಿತು. ಮಂಡಿಯ ಸಾಮಾನನ್ನೇ ತಂದು, ಅಡುಗೆ ಮಾಡಿ, ಎಲೆ ಹಾಕಿ ಊಟ ಬಡಿಸಿತು. ಪಲ್ಯ ಯಾವುದು, ಸಾರು ಯಾವುದು ಎಂದು ಅಡುಗೆಯವರೇ ತೀರ್ಮಾನಿಸಿದರು. ಉಬುಂಟುವಿನ ಇಡೀ ಚರಿತ್ರೆ, ಅದರ ಗೆಲುವು, ಅದು ತಿಂದ ಬೈಗುಳ, ಎಲ್ಲವೂ ಈ ಒಂದು ಗುಣದಿಂದ ಬಂದದ್ದು: ನಿಮ್ಮ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಗುಣ.

ಅಡುಗೆಗೆ ದುಡ್ಡು ಹಾಕಿದವರು ಮಾರ್ಕ್ ಶಟಲ್‌ವರ್ತ್. ದಕ್ಷಿಣ ಆಫ್ರಿಕಾದ ವೆಲ್ಕಂ ಎಂಬ ಗಣಿ ಊರಿನಲ್ಲಿ 1973ರಲ್ಲಿ ಹುಟ್ಟಿದವರು. ಓದುವಾಗಲೇ ಥಾಟ್ ಎಂಬ ಕಂಪನಿ ಕಟ್ಟಿದರು. ಜಾಲತಾಣಗಳು ಅಸಲಿಯೋ ನಕಲಿಯೋ ಎಂದು ದೃಢೀಕರಿಸುವ ಪ್ರಮಾಣಪತ್ರ ಕೊಡುವ ಕೆಲಸ ಅದರದು. 1999ರಲ್ಲಿ ವೆರಿಸೈನ್ ಅದನ್ನು ಸುಮಾರು 57.5 ಕೋಟಿ ಡಾಲರಿಗೆ ಕೊಂಡಿತು. ಇಪ್ಪತ್ತಾರರ ಹರೆಯದಲ್ಲಿ ಅಷ್ಟು ದುಡ್ಡು ಬಂದರೆ ಮನುಷ್ಯ ಏನು ಮಾಡುತ್ತಾನೆ? ಈತ 2002ರ ಏಪ್ರಿಲ್‌ನಲ್ಲಿ ರಷ್ಯಾದ ಸೊಯೂಜ್ ನೌಕೆಯಲ್ಲಿ ಸ್ವಂತ ಖರ್ಚಿನಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು. ಇಳಿದು ಬಂದಮೇಲೆ 2004ರ ಏಪ್ರಿಲ್‌ನಲ್ಲಿ ಲಂಡನ್ನಿನ ತಮ್ಮ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಡೆಬಿಯನ್ ಕೆಲಸಗಾರರನ್ನು ಕೂರಿಸಿಕೊಂಡು ಮಾತಾಡಿದರು. ಸ್ವತಃ ಅವರೂ 1990ರ ದಶಕದಲ್ಲಿ ಡೆಬಿಯನ್‌ಗೆ ಕೈಜೋಡಿಸಿದ್ದವರೇ. ಇದಕ್ಕೆಂದು ಕಟ್ಟಿದ ಕಂಪನಿಗೆ ಆಗಿನ್ನೂ ಹೆಸರಿರಲಿಲ್ಲ, ‘ಇನ್ನೂ ಹೆಸರಿಲ್ಲ’ ಎಂಬ ಅರ್ಥದ ಜಾಲತಾಣದ ವಿಳಾಸ ಇಟ್ಟುಕೊಂಡಿದ್ದರು! ಆಮೇಲೆ ಕೆನಾನಿಕಲ್ ಎಂದಾಯಿತು.

ಉಬುಂಟು ಎಂಬುದು ಜುಲು, ಖೋಸಾ ಮುಂತಾದ ದಕ್ಷಿಣ ಆಫ್ರಿಕಾದ ಭಾಷೆಗಳ ಪದ. ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂಬ ಭಾವ ಅದರಲ್ಲಿದೆ. ಮೊದಲ ಆವೃತ್ತಿ 2004ರ ಅಕ್ಟೋಬರ್ 20ರಂದು ಬಂತು. ಸಂಖ್ಯೆ 4.10, ಅಂದರೆ 2004ರ 10ನೇ ತಿಂಗಳು. ಈ ಎಣಿಕೆಯಲ್ಲೇ ಒಂದು ಶಿಸ್ತಿದೆ. ಪ್ರತಿ ಏಪ್ರಿಲ್, ಪ್ರತಿ ಅಕ್ಟೋಬರ್ ಒಂದೊಂದು, ತಪ್ಪಿಸುವ ಹಾಗಿಲ್ಲ. ಒಂದೇ ಒಂದು ಸಲ ತಪ್ಪಿತು, 2006ರಲ್ಲಿ. ಏಪ್ರಿಲ್‌ನದು ಆರು ವಾರ ತಡವಾಗಿ ಜೂನ್ 1ಕ್ಕೆ ಬಂದು 6.06 ಆಯಿತು. ದೀರ್ಘಕಾಲ ಬೆಂಬಲ ಕೊಡುತ್ತೇವೆಂದು ಮೊದಲ ಬಾರಿ ಮಾತು ಕೊಟ್ಟದ್ದೂ ಅದಕ್ಕೇ. ಅದನ್ನು ಎಲ್‌ಟಿಎಸ್ ಎನ್ನುತ್ತಾರೆ. ಈಗ ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವುದೆಲ್ಲ ಎಲ್‌ಟಿಎಸ್, ಐದು ವರ್ಷ ತೇಪೆ ಬರುತ್ತದೆ. ನಡುವಿನವು ಒಂಬತ್ತು ತಿಂಗಳಿಗೆ ಮುಗಿಯುತ್ತವೆ, ಅವು ನಿಮಗೆ ಬೇಡ. ಅಂಗಡಿಯವರು ಯಾವುದನ್ನು ಹಾಕುತ್ತಾರೆಂದು ಕೇಳಿ, 24.04 ಎನ್ನುವ ಹಾಗೆ ಸಮ ವರ್ಷ, 04 ಇದ್ದರೆ ಮಾತ್ರ ಒಪ್ಪಿ.

ಪ್ರತಿ ಆವೃತ್ತಿಗೂ ಒಂದು ಪ್ರಾಣಿಯ ಅಡ್ಡಹೆಸರಿದೆ, ವಿಶೇಷಣವೂ ಪ್ರಾಣಿಯೂ ಒಂದೇ ಅಕ್ಷರದಿಂದ ಶುರುವಾಗಬೇಕು. ನಿಮ್ಮ ಯಕ್ಷಗಾನದ ಪದ್ಯಗಳ ಆದಿಪ್ರಾಸಕ್ಕೆ ಹೋಲಿಸುವಷ್ಟು ಘನವಾದದ್ದಲ್ಲ ಬಿಡಿ. ಮೊದಲನೆಯದರ ಹೆಸರೇ ಗಂಟುಗಂಟು ಮೈಯ ಕಾಡುಹಂದಿ.

ಮೊದಲ ತೀರ್ಮಾನಗಳು ಎಂಥವು ನೋಡಿ. ಎಲ್ಲವೂ ಒಂದು ಸಿಡಿಯಲ್ಲಿ ಹಿಡಿಸಬೇಕು. ಒಂದು ಕೆಲಸಕ್ಕೆ ಒಂದೇ ತಂತ್ರಾಂಶ: ಜಾಲ ನೋಡಲು ಫೈರ್‌ಫಾಕ್ಸ್, ಬರವಣಿಗೆಗೆ ಓಪನ್ ಆಫೀಸ್, ಪರದೆಗೆ ಗ್ನೋಮ್. ಇನ್ನೊಂದು ಬೇಕೆನ್ನುವವರು ಆಮೇಲೆ ಹಾಕಿಕೊಳ್ಳಲಿ. ಮತ್ತೊಂದು ಮುಖ್ಯ ತೀರ್ಮಾನ ಕಣ್ಣಿಗೆ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ರೂಟ್ ಎಂಬ ಸರ್ವಾಧಿಕಾರಿ ಖಾತೆಯೊಂದಿರುತ್ತದೆ, ಅದಕ್ಕೆ ಬೇರೆಯದೇ ಪಾಸ್‌ವರ್ಡು. ಹೊಸಬರು ಒಂದೋ ಅದನ್ನು ಮರೆಯುತ್ತಿದ್ದರು, ಇಲ್ಲವೇ ಸದಾ ಅದರಲ್ಲೇ ಕೂತು ಅನಾಹುತ ಮಾಡಿಕೊಳ್ಳುತ್ತಿದ್ದರು. ಉಬುಂಟು ಆ ಬಾಗಿಲಿಗೇ ಬೀಗ ಹಾಕಿತು. ನಿಮ್ಮ ಖಾತೆಯಲ್ಲೇ ಇರಿ, ವ್ಯವಸ್ಥೆಯನ್ನು ಮುಟ್ಟುವ ಕೆಲಸ ಬಂದಾಗ ನಿಮ್ಮದೇ ಪಾಸ್‌ವರ್ಡ್ ಕೇಳುತ್ತೇನೆ ಎಂದಿತು. ಆ ವಿಧಾನದ ಹೆಸರು ಸುಡೊ. ಅದೇನೂ ಉಬುಂಟುವಿನ ಆವಿಷ್ಕಾರವಲ್ಲ, ಯುನಿಕ್ಸ್ ಎಂಬ ಹಿಂದಿನ ಕಾರ್ಯಾಚರಣೆ ವ್ಯವಸ್ಥೆಯ ಹಳೆಯ ಸಲಕರಣೆ. ಆದರೆ ಅದನ್ನು ಲಿನಕ್ಸ್ ಮನೆಮನೆಗೆ ರೂಢಿ ಮಾಡಿಸಿದ್ದು ಉಬುಂಟುವೇ.

ಆ ಸಿಡಿಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಶಿಪ್‌ಇಟ್ ಎಂಬ ಯೋಜನೆ ಇತ್ತು. ಜಾಲತಾಣದಲ್ಲಿ ವಿಳಾಸ ಕೊಟ್ಟರೆ ಸಾಕು, ಅಂಚೆ ಖರ್ಚೂ ಇಲ್ಲದೆ ಸಿಡಿ ಮನೆಗೆ ಬರುತ್ತಿತ್ತು. ನಮ್ಮಲ್ಲಿ ಆಗ ಡಯಲ್ಅಪ್ ಕಾಲ, 700 ಎಂಬಿ ಇಳಿಸಿಕೊಳ್ಳುವುದೆಂದರೆ ವಾರದ ಕೆಲಸ, ಫೋನ್ ಬಿಲ್ಲು ಬೇರೆ. ನಾನೂ ಅರ್ಜಿ ಹಾಕಿ ಮರೆತೇಬಿಟ್ಟಿದ್ದೆ. ಒಂದು ದಿನ ಪೋಸ್ಟ್‌ಮ್ಯಾನ್ ವಿದೇಶದ ಮುದ್ರೆಯ ಲಕೋಟೆ ಹಿಡಿದುಕೊಂಡು ಬಂದು, ‘ಏನ್ ಸಾರ್, ಫಾರಿನ್ನಿಂದ?’ ಎಂದು ನಿಂತೇಬಿಟ್ಟ. ಒಳಗೆ ಕಂದು ಬಣ್ಣದ ಹೊದಿಕೆಯ ಸಿಡಿಗಳು. ಒಂದನ್ನು ಗಣಕಕ್ಕೆ ಹಾಕಿ ಮತ್ತೆ ಚಾಲೂ ಮಾಡಿದರೆ, ಡಿಸ್ಕಿನಲ್ಲಿದ್ದ ವಿಂಡೋಸನ್ನು ಒಂದಿಷ್ಟೂ ಅಲುಗಾಡಿಸದೆ, ಸಿಡಿಯಿಂದಲೇ ಇಡೀ ವ್ಯವಸ್ಥೆ ಎದ್ದು ನಿಂತಿತು, ತಮಟೆಯಂಥ ಒಂದು ಸದ್ದಿನೊಂದಿಗೆ. ಪುಕ್ಕಟೆ ಬಂದದ್ದಕ್ಕೆ ಬೆಲೆ ಇರುವುದಿಲ್ಲ ಎನ್ನುವ ನಮ್ಮ ಅಪ್ಪನಿಗೂ ಅದರಲ್ಲಿ ಕೂತು ಕಾರ್ಡ್ಸ್ ಆಡುವ ಚಟ ಹತ್ತಿತು. 2011ರಲ್ಲಿ ಆ ಯೋಜನೆ ನಿಂತಿತು.

ಶಟಲ್‌ವರ್ತ್ 2004ರ ಆಗಸ್ಟ್‌ನಲ್ಲಿ ಉಬುಂಟುವಿನ ದೋಷಪಟ್ಟಿಯಲ್ಲಿ ಮೊದಲನೇ ದೋಷ ಎಂದು ಬರೆದದ್ದು ಇದನ್ನು: ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ. ಒಂಬತ್ತು ವರ್ಷ ಅದು ತೆರೆದೇ ಇತ್ತು. 2013ರ ಮೇ ತಿಂಗಳಲ್ಲಿ ಅವರೇ ‘ದೋಷ ಪರಿಹಾರವಾಗಿದೆ’ ಎಂದು ಮುಚ್ಚಿದರು. ಪರಿಹಾರ ಮಾಡಿದ್ದು ಉಬುಂಟುವೇನಲ್ಲ, ಜನ ಫೋನು ಟ್ಯಾಬ್ಲೆಟ್ಟುಗಳ ಕಡೆ ಹೊರಳಿದ್ದರು. ಮೇಜಿನ ಮೇಲಿನ ಗಣಕದಲ್ಲಿ ವಿಂಡೋಸ್ ಇದ್ದಲ್ಲೇ ಇತ್ತು, ಈಗಲೂ ಇದೆ.

ಇನ್ನು ಬೈಗುಳದ ಅಧ್ಯಾಯ. 2010ರ 10.04ರಲ್ಲಿ ಕಂದು ಬಣ್ಣ ಹೋಗಿ ಬದನೆಕಾಯಿ ಬಣ್ಣ ಬಂತು, ಅದಕ್ಕೆ ಯಾರೂ ಅಷ್ಟಾಗಿ ತಕರಾರು ಮಾಡಲಿಲ್ಲ. ಕಿಟಕಿ ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿದ್ದಕ್ಕೆ ಮಾತ್ರ ದೊಡ್ಡ ಗಲಾಟೆಯಾಯಿತು. ಅಡುಗೆಯವರು ಉಪ್ಪಿನ ಜಾಗ ಬದಲಿಸಿದರೆ ಹೇಗೆ? ಎಲೆಯ ಎಡತುದಿಗೇ ಕೈ ಹೋಗುತ್ತದೆ. ಬಳಕೆದಾರರು ಕೇಳಿದರು, ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ ಎಂದು. ಅದಕ್ಕೆ ಶಟಲ್‌ವರ್ತ್ ಕೊಟ್ಟ ಉತ್ತರ, ಇದು ಪ್ರಜಾಪ್ರಭುತ್ವವಲ್ಲ, ವಿನ್ಯಾಸದ ತೀರ್ಮಾನಗಳಿಗೆ ನಾವು ಮತ ಹಾಕುವುದಿಲ್ಲ. ಡೆಬಿಯನ್‌ಗೂ ಉಬುಂಟುವಿಗೂ ಇರುವ ವ್ಯತ್ಯಾಸವನ್ನು ನಾನು ಎರಡು ಪುಟದಲ್ಲಿ ಹೇಳಿದ್ದನ್ನು ಅವರು ಒಂದೇ ಸಾಲಿನಲ್ಲಿ ಹೇಳಿಬಿಟ್ಟರು.

ಮರುವರ್ಷ 11.04ರಲ್ಲಿ ಪರದೆಯನ್ನೇ ಬದಲಿಸಿದರು. ಯೂನಿಟಿ ಎಂಬ ಹೊಸ ಚಹರೆ: ಎಡಪಕ್ಕದಲ್ಲಿ ನೆಟ್ಟಗೆ ಚಿತ್ರಗಳ ಪಟ್ಟಿ, ಹೆಸರು ಟೈಪಿಸಿದರೆ ತಂತ್ರಾಂಶವೂ ಕಡತವೂ ಒಟ್ಟಿಗೇ ಸಿಗುವ ಹುಡುಕುಗಿಂಡಿ. ಆಗ ನೆಟ್‌ಬುಕ್ ಎಂಬ ಪುಟ್ಟ ಗಣಕಗಳ ಹಾವಳಿ. ಅಗಲವಿದ್ದು ಎತ್ತರವಿಲ್ಲದ ಪರದೆಗಳಲ್ಲಿ ಮೇಲೂ ಕೆಳಗೂ ಪಟ್ಟಿ ಇಟ್ಟರೆ ಓದಲು ಜಾಗವೇ ಉಳಿಯುತ್ತಿರಲಿಲ್ಲ, ಪಟ್ಟಿಯನ್ನು ಪಕ್ಕಕ್ಕೆ ತಂದದ್ದು ಅದಕ್ಕೆ. ಜನ ಉಗಿದರು. ನಾನೂ ಮೊದಲ ಆರು ತಿಂಗಳು ಗೊಣಗಿದವನೇ, ಆಮೇಲೆ ಅದು ಎಷ್ಟು ಒಗ್ಗಿತೆಂದರೆ ಇವತ್ತಿಗೂ ಪಟ್ಟಿ ಎಡಕ್ಕಿಲ್ಲದಿದ್ದರೆ ಮುಜುಗರ.

ಯೂನಿಟಿಯನ್ನು ಕ್ಷಮಿಸಬಹುದು. 12.10ರಲ್ಲಿ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಆ ಹುಡುಕುಗಿಂಡಿಯಲ್ಲಿ ನಿಮ್ಮದೇ ಕಡತಕ್ಕೆಂದು ಟೈಪಿಸಿದರೆ ಕೆಳಗೆ ಅಮೆಜಾನ್ ಸರಕುಗಳೂ ಬರತೊಡಗಿದವು. ಅಂದರೆ ನೀವು ನಿಮ್ಮ ಮನೆಯೊಳಗೆ ಹುಡುಕಿದ ಪದ ಕೆನಾನಿಕಲ್‌ನ ಸರ್ವರಿಗೆ ಹೋಗಿಬರುತ್ತಿತ್ತು. ಸ್ಟಾಲ್‌ಮನ್ ಅದನ್ನು ಗೂಢಚಾರ ತಂತ್ರಾಂಶ ಎಂದೇ ಕರೆದರು. ಶಟಲ್‌ವರ್ತ್ ಸಮರ್ಥನೆ ಇನ್ನೂ ಕೆಟ್ಟದಾಗಿತ್ತು: ನಮ್ಮ ಮೇಲೆ ನಂಬಿಕೆ ಇಲ್ಲವೇ, ನಿಮ್ಮ ಯಂತ್ರದ ರೂಟ್ ಹೇಗೂ ನಮ್ಮ ಕೈಯಲ್ಲಿದೆಯಲ್ಲ ಎಂಬರ್ಥದ ಮಾತು. ತಾಂತ್ರಿಕವಾಗಿ ನಿಜ. ಅಪ್‌ಡೇಟ್ ಕೊಡುವವರನ್ನು ನಂಬದೆ ಯಾವ ವ್ಯವಸ್ಥೆಯೂ ನಡೆಯದು. ಆದರೆ ಬೀಗದ ಕೈ ಕೊಟ್ಟಿದ್ದು ಮನೆ ನೋಡಿಕೊಳ್ಳಲಿ ಎಂದು, ಅಂಗಡಿ ಇಡಲಿ ಎಂದಲ್ಲವಲ್ಲ. 2016ರ 16.04ರಲ್ಲಿ ಅದನ್ನು ತಾನಾಗಿ ಚಾಲೂ ಆಗದಂತೆ ಆರಿಸಿದರು, ಆಮೇಲೆ ಯೂನಿಟಿಯ ಜೊತೆ ಅದೂ ಹೋಯಿತು. ಈಗಿಲ್ಲ. ನಿಮ್ಮ ಕಿವಿಗೆ ಯಾರಾದರೂ ‘ಉಬುಂಟು ಕದ್ದು ನೋಡುತ್ತದಂತೆ’ ಎಂದು ಹಾಕಿದರೆ ಅದರ ಮೂಲ ಇಲ್ಲಿದೆ.

ನಡುವೆ ಫೋನಿನ ಕನಸೂ ಒಂದಿತ್ತು. ಮೇಜಿಗೆ ಜೋಡಿಸಿದರೆ ಗಣಕವಾಗುವ ಉಬುಂಟು ಎಡ್ಜ್ ಎಂಬ ಫೋನಿಗೆ 2013ರಲ್ಲಿ ಜನರಿಂದ 3.2 ಕೋಟಿ ಡಾಲರ್ ಎತ್ತಲು ಹೊರಟರು, 1.28 ಕೋಟಿಗೆ ನಿಂತಿತು. 2017ರ ಏಪ್ರಿಲ್‌ನಲ್ಲಿ ಫೋನನ್ನೂ ಯೂನಿಟಿಯನ್ನೂ ಒಟ್ಟಿಗೆ ಕೈಬಿಟ್ಟು, ಅದೇ ಅಕ್ಟೋಬರಿನ 17.10ರಲ್ಲಿ ಗ್ನೋಮ್‌ಗೆ ಮರಳಿದರು. ಮುಚ್ಚುವ ಗುಂಡಿ ಏಳು ವರ್ಷದ ವನವಾಸ ಮುಗಿಸಿ ಬಲಕ್ಕೆ ಬಂತು.

ಈಗಿನ ಜಗಳ ಸ್ನ್ಯಾಪ್‌ದು. ಮೊದಲಿಂದಲೂ ಉಬುಂಟುವಿನಲ್ಲಿ ತಂತ್ರಾಂಶ ಹಾಕುವುದು ಡೆಬಿಯನ್ ರೀತಿಯಲ್ಲಿ. ಒಂದೇ ಭಂಡಾರದಿಂದ, ಎಲ್ಲವೂ ಎಲ್ಲದರ ಜೊತೆ ಹೊಂದಿಕೊಂಡು, ಸಾಮಾನ್ಯ ಭಾಗಗಳನ್ನು ಹಂಚಿಕೊಂಡು. ಆ ಕೆಲಸ ಮಾಡುವುದು ಆಪ್ಟ್. ಸ್ನ್ಯಾಪ್ ರೀತಿಯಲ್ಲಿ ಪ್ರತಿ ತಂತ್ರಾಂಶವೂ ತನಗೆ ಬೇಕಾದ ಹೆಚ್ಚಿನ ಭಾಗಗಳನ್ನು ಬುತ್ತಿ ಕಟ್ಟಿಕೊಂಡೇ ಬರುತ್ತದೆ, ತನ್ನ ಬೇಲಿಯೊಳಗೇ ಓಡುತ್ತದೆ. ಭದ್ರತೆಗೆ ಒಳ್ಳೆಯದು, ಜಾಗ ಜಾಸ್ತಿ ತಿನ್ನುತ್ತದೆ, ಹಳೆಯ ಯಂತ್ರಗಳಲ್ಲಿ ಮೊದಲ ಸಲ ತೆರೆಯುವಾಗ ತೂಕಡಿಸುತ್ತದೆ. 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿಯೇ ಬರುತ್ತಿದೆ. ಆಪ್ಟ್‌ಗೆ ಹೇಳಿ ಹಾಕಿಸಿದರೂ ಅದು ನಿಮ್ಮ ಕಣ್ತಪ್ಪಿಸಿ ಸ್ನ್ಯಾಪನ್ನೇ ತಂದಿಡುತ್ತದೆ. ಕೇಳಿದ್ದು ಹುಳಿ, ಬಡಿಸಿದ್ದು ಗೊಜ್ಜು. ಉಬುಂಟುವಿನ ಮೇಲೆಯೇ ಕಟ್ಟಿದ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಡಿಸ್ಟ್ರೊದವರು ಇಂಥದ್ದೇ ಚಾಳಿಗೆ ಬೇಸತ್ತು ಅದಕ್ಕೂ ಮೊದಲೇ, 2020ರಲ್ಲಿ, ಸ್ನ್ಯಾಪ್‌ಗೆ ಬಾಗಿಲು ಹಾಕಿದರು. ಈ ಮಿಂಟ್ ಹೆಸರನ್ನು ನೆನಪಿಟ್ಟುಕೊಂಡಿರಿ.

ಪುಕ್ಕಟೆ ಯಾಕೆ ಎಂದಿರಿ. ಕೆನಾನಿಕಲ್‌ಗೆ ಸಂಪಾದನೆ ಬರುವುದು ನಿಮ್ಮಿಂದಲ್ಲ. ಸರ್ವರುಗಳಲ್ಲಿ, ಕ್ಲೌಡ್‌ನಲ್ಲಿ ಉಬುಂಟು ಓಡಿಸುವ ದೊಡ್ಡ ಕಂಪನಿಗಳು ಬೆಂಬಲಕ್ಕೆ ದುಡ್ಡು ಕೊಡುತ್ತವೆ. ಐದರ ಮೇಲೆ ಇನ್ನೈದು ವರ್ಷ ತೇಪೆ ಕೊಡುವ ಉಬುಂಟು ಪ್ರೊ ಸೇವೆ ಕಂಪನಿಗಳಿಗೆ ಶುಲ್ಕದ್ದು, ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಚಿತ. 2016ರಿಂದ ಮೈಕ್ರೋಸಾಫ್ಟೇ ವಿಂಡೋಸ್ ಒಳಗೆ ಉಬುಂಟು ಓಡಿಸಲು ವ್ಯವಸ್ಥೆ ಮಾಡಿಕೊಟ್ಟಿದೆ, ಪ್ರೋಗ್ರಾಮರುಗಳು ಅದನ್ನು ದಿನವೂ ಬಳಸುತ್ತಾರೆ. ಮೊದಲನೇ ದೋಷ ಬರೆದವರಿಗೆ ಇದು ಹೇಗೆನಿಸಿತೋ! ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಗಣಕಪಾಠ ನಡೆಯುವುದೇ ಉಬುಂಟು ಆಧರಿಸಿದ ವ್ಯವಸ್ಥೆಯಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಸರಿ, ನಿಮ್ಮ ನುಡಿ ಕಡತಗಳು. ಒಂದು ಹಳೆಯ ಲೇಖನವನ್ನು ಉಬುಂಟುವಿನ ಬರವಣಿಗೆಯ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಹೇಗೆ ಕಾಣುತ್ತದೆ ಗೊತ್ತೇ? ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಸ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಕಡತ ಕೆಟ್ಟಿಲ್ಲ, ಅದರಲ್ಲಿ ಇದ್ದದ್ದೇ ಅಷ್ಟು. ಹಳೆಯ ನುಡಿ, ಅದರಂಥದ್ದೇ ಬರಹ ಎಂಬ ತಂತ್ರಾಂಶಗಳ ಕಾಲದಲ್ಲಿ ಗಣಕಕ್ಕೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟ ಫಾಂಟ್ ಒಂದು ವೇಷ ಕಟ್ಟುತ್ತಿತ್ತು: ಪಿ ಅಕ್ಷರಕ್ಕೆ ತಲೆಕಟ್ಟಿಲ್ಲದ ಕ, ಗೀಟಿನ ಎಗೆ ತಲೆಕಟ್ಟು, ಜರ್ಮನ್ ಅಕ್ಷರಕ್ಕೆ ನ ಒತ್ತು. ಫಾಂಟ್ ಎಂಬ ವೇಷ ಕಳಚಿದರೆ ಒಳಗಿನ ಪಾತ್ರಧಾರಿ ಕಾಣುತ್ತಾನೆ. ವೇಷ ಕಟ್ಟುವ ಚೌಕಿಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ಯುನಿಕೋಡ್‌ನಲ್ಲಿ ಕ ಎಂದರೆ ಕ, ಅದಕ್ಕೆ ತನ್ನದೇ ಸಂಖ್ಯೆ. ಯಾವ ಗಣಕದಲ್ಲಾದರೂ, ಫೋನಿನಲ್ಲಾದರೂ ಅದು ಕ.

ನುಡಿಯ ಫಾಂಟನ್ನೂ ಉಬುಂಟುವಿಗೆ ನಕಲು ಮಾಡಿಕೊಂಡರೆ ಲೇಖನ ಓದಲು ಬರುತ್ತದೆ. ಆದರೆ ‘ಭಾಗವತ’ ಎಂದು ಹುಡುಕಿದರೆ ಸಿಗದು, ಇನ್ನೊಬ್ಬರಿಗೆ ಕಳಿಸಿದರೆ ಮತ್ತೆ ಪೌಂಡ್ ಚಿಹ್ನೆ. ಆದ್ದರಿಂದ ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ನಾನು ಆಗಲೇ ಹೇಳಿದ ಕೆಲಸ ಇದೇ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದು ಎಚ್ಚರ ಬೇಕು. ನಡುನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡಬಹುದು. ಅರ್ಕಾವತ್ತು ಬಂದ ಪದಗಳನ್ನೂ, ಕರ್ಣ, ಅರ್ಜುನ ನಿಮ್ಮಲ್ಲಿ ಧಾರಾಳ ಇರುತ್ತಾರೆ, ಒಮ್ಮೆ ಕಣ್ಣಾಡಿಸಿ. ಮೂಲ ಕಡತಗಳನ್ನು ಅಳಿಸಬೇಡಿ. ಇಪ್ಪತ್ತು ವರ್ಷದ್ದು ಒಂದೇ ದಿನಕ್ಕೆ ಆಗುವುದಿಲ್ಲ, ದಿನಕ್ಕೆ ಹತ್ತು ಲೇಖನ ಇಟ್ಟುಕೊಳ್ಳಿ.

ಟೈಪಿಸುವ ಕೈ ಬದಲಾಗಬೇಕಿಲ್ಲ. ನುಡಿ ತಂತ್ರಾಂಶ ವಿಂಡೋಸಿನದು, ಆದರೆ ನುಡಿಯ ಕೀಲಿಮಣೆ ಕೆ. ಪಿ. ರಾಯರ ವಿನ್ಯಾಸ, ಅದು ಲಿನಕ್ಸ್‌ನಲ್ಲೂ ಇದೆ. ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲಿ ಎರಡು ಸಿಗಬಹುದು. ಎಂ17ಎನ್ ಎಂದು ಪಕ್ಕದಲ್ಲಿ ಬರೆದಿರುವುದನ್ನು ಆರಿಸಿ, ನುಡಿಗೆ ಹತ್ತಿರವಾಗಿ ನಡೆದುಕೊಳ್ಳುವುದು ಅದು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ, ‘ಕನ್ನಡ’ ಮೂಡುತ್ತದೆ. ಅಕ್ಷರದ ಚಂದಕ್ಕೆ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಫಾಂಟುಗಳು ಭಂಡಾರದಲ್ಲೇ ಇವೆ. ಒಂದು ಕಾಲಕ್ಕೆ ಲಿನಕ್ಸ್‌ನಲ್ಲಿ ಒತ್ತಕ್ಷರ ಕಳಚಿ ಬೀಳುತ್ತಿದ್ದುದು, ಚುಕ್ಕಿವೃತ್ತ ಕಾಣುತ್ತಿದ್ದುದು ನಿಜ. ಈಗ ಅದೆಲ್ಲ ಹಳೆಯ ಕಥೆ.

ಇನ್ನು ನಿಮ್ಮ ಯಂತ್ರಕ್ಕೆ ಯಾವುದು? ಉಬುಂಟು 24.04 ಕನಿಷ್ಠ 4 ಜಿಬಿ ರ‍್ಯಾಮ್, 25 ಜಿಬಿ ಜಾಗ ಕೇಳುತ್ತದೆ. ಕನಿಷ್ಠ ಎಂದರೆ ಎದ್ದು ನಿಲ್ಲುತ್ತದೆ ಎಂದಷ್ಟೇ, ಓಡುತ್ತದೆ ಎಂದಲ್ಲ. ಬ್ರೌಸರಿನಲ್ಲಿ ಆರು ಪುಟ ತೆರೆದರೆ ಏದುಸಿರು. ನನ್ನ ಸಲಹೆ, ಅಂಗಡಿಯವರಿಗೆ ಉಬುಂಟು ಬದಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಲು ಹೇಳಿ. ಒಳಗೆ ಅದೇ ಉಬುಂಟು, ಮೇಲಿನ ಚಹರೆ ಹಗುರ, ಕೆಳಗೆ ಎಡಮೂಲೆಯಲ್ಲಿ ಮೆನು ಇರುವುದರಿಂದ ವಿಂಡೋಸ್‌ನಿಂದ ಬಂದವರಿಗೆ ದಾರಿ ತಪ್ಪದು. ಉಬುಂಟು ಬಗ್ಗೆ ಇಷ್ಟೆಲ್ಲ ಕೇಳಿಸಿಕೊಂಡು ಕೊನೆಗೆ ಮಿಂಟ್ ಎನ್ನುತ್ತೀರಲ್ಲ ಎನ್ನಬೇಡಿ, 8 ಜಿಬಿ ಇದ್ದಿದ್ದರೆ ಉಬುಂಟುವನ್ನೇ ಹೇಳುತ್ತಿದ್ದೆ. ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಎಂಬ ಡಿಸ್ಕ್ ಹಾಕಿಸಿ. ಯಾವ ವ್ಯವಸ್ಥೆ ಹಾಕಿದರೂ ಅದರಿಂದ ಸಿಗುವಷ್ಟು ವೇಗ ಬೇರಾವುದರಿಂದಲೂ ಸಿಗದು.

ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಬಳಸುವವರಾದರೆ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡವರಾದರೆ ಇಷ್ಟು ಸಲೀಸಾಗಿ ‘ಬದಲಿಸಿ’ ಎನ್ನುತ್ತಿರಲಿಲ್ಲ. ನಿಮ್ಮದು ಬರವಣಿಗೆ, ಮೇಲ್, ಯಕ್ಷಗಾನದ ವಿಡಿಯೊ. ತೊಂದರೆಯಿಲ್ಲ. ಸಿ ಡ್ರೈವ್, ಡಿ ಡ್ರೈವ್ ಎಂಬುದಿಲ್ಲಿಲ್ಲ, ನಿಮ್ಮದೆಲ್ಲ ಹೋಮ್ ಎಂಬ ಒಂದೇ ಮನೆಯೊಳಗೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆಬೇರೆ ಎಂದು ಎಣಿಸುತ್ತದೆ. ಒಂದು ವಾರ ಎಡವುತ್ತೀರಿ.

ಹಾಕುವ ಮೊದಲು ಪೆನ್ ಡ್ರೈವಿನಿಂದ ಚಾಲೂ ಮಾಡಿ, ಏನನ್ನೂ ಅಳಿಸದೆ ಪರೀಕ್ಷಿಸಬಹುದು. ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನಾಲ್ಕನ್ನು ನೋಡಿ: ವೈಫೈ ಸಿಕ್ಕಿತೇ, ಸ್ಪೀಕರಿನಲ್ಲಿ ಸದ್ದು ಬಂತೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಯಿತೇ, ನಿಮ್ಮ ಪ್ರಿಂಟರ್ ಒಂದು ಹಾಳೆ ಉಗುಳಿತೇ. ಪ್ರಿಂಟರನ್ನು ಹೊತ್ತುಕೊಂಡೇ ಹೋಗಿ.

ಇನ್‌ಸ್ಟಾಲ್ ಮಾಡುವಾಗ ಒಂದು ಪುಟ ಬರುತ್ತದೆ, ಡಿಸ್ಕನ್ನು ಪೂರ್ತಿ ಅಳಿಸಲೇ ಅಥವಾ ವಿಂಡೋಸ್ ಪಕ್ಕದಲ್ಲಿ ಹಾಕಲೇ ಎಂದು. 2007ರಲ್ಲಿ ನಾನು ಚಿಕ್ಕಪ್ಪನ ಮನೆಯ ಗಣಕದಲ್ಲಿ, ಮಾತಾಡುತ್ತ ಮಾತಾಡುತ್ತ, ಮೊದಲನೆಯದನ್ನು ಒತ್ತಿಬಿಟ್ಟೆ. ಅವರ ಮಗಳ ಮದುವೆಯ ಫೋಟೊಗಳು ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಚಿಕ್ಕಮ್ಮ ಇವತ್ತಿಗೂ ಅನ್ನುತ್ತಾರೆ. ನಿಮ್ಮ ಲೇಖನಗಳ ಎರಡು ಪ್ರತಿ ಮಾಡಿ, ಒಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಎರಡನ್ನೂ ಮನೆಯಲ್ಲೇ ಬಿಟ್ಟು, ಬರಿ ಲ್ಯಾಪ್‌ಟಾಪ್ ಮತ್ತು ಪ್ರಿಂಟರ್ ಹಿಡಿದುಕೊಂಡು ಅಂಗಡಿಗೆ ಹೋಗಿ.